ಅಳಿಸಿದ ಬಾಗು

ಅವಳು ಕಡಲ ತಳದ ನಕ್ಷೆ ಬರೆಯುವವಳು. ಕೆಲಸ ಕಲಿಸಿದ್ದು ಸೋದರಮಾವ; ಸಂಸ್ಥೆಯ ಮುಖ್ಯಸ್ಥರೂ ಅವರೇ. ಬೆನ್ನ ಹಿಂದೆ ಎಲ್ಲರೂ ಅವರನ್ನು ‘ಅಡಿಕೋಲು’ ಎನ್ನುತ್ತಿದ್ದರು.

ಕಡಲ ನಡುವಿನ ಪರ್ವತಸಾಲಿನಲ್ಲಿ ತಳದ ಕಲ್ಲು ಎರಡೂ ಬದಿಗೆ ಎಳೆದುಕೊಂಡು ಸೀಳುತ್ತದೆ. ಎಳೆತಕ್ಕೆ ಅಡ್ಡಲಾಗಿ, ಸಾಲಿನ ಉದ್ದಕ್ಕೂ ಬಿರುಕುಗಳು ನೇರವಾಗಿ ಓಡುತ್ತವೆ ಎಂದು ಇಪ್ಪತ್ತು ವರ್ಷದ ಹಿಂದೆ ಬರೆದು ಮಾವ ಹೆಸರು ಮಾಡಿದ್ದರು. ಈಗ ಹೊಸ ಹಡಗಿನ ಅಳತೆಗಳು ಬಂದಿದ್ದವು. ಸಾಲಿನ ತುದಿಯಲ್ಲಿ ಬಿರುಕುಗಳು ಕುಡುಗೋಲಿನಂತೆ ಬಾಗಿದ್ದವು.

“ಯಂತ್ರದ ತಪ್ಪು. ನೇರ ಮಾಡು,” ಎಂದರು ಮಾವ.

“ಹಡಗು ಎರಡು ದಿಕ್ಕಿಂದ ಹೋಗಿದೆ ಮಾವ. ಎರಡು ಸಲಾನೂ ಅಲ್ಲೇ ಬಾಗಿದೆ. ತುದೀಲಿ ಸಾಲು ತುಂಡಾಗಿ ಪಕ್ಕಕ್ಕೆ ಸರಿದಿದೆಯಲ್ಲ, ಅಲ್ಲಿ ಎರಡೂ ಕಡೆ ಕಲ್ಲು ಒಂದಕ್ಕೊಂದು ಉಜ್ಜಿಕೊಂಡು ಹೋಗ್ತವೆ. ಎಳೆತಾನೇ ಓರೆಯಾದ್ರೆ ಬಿರುಕು ನೆಟ್ಟಗೆ ಹೇಗೆ ಬರುತ್ತೆ?”

“ನನಗೇ ಪಾಠ ಹೇಳ್ತೀಯಾ?”

ಅವಳು ಗೆರೆಯನ್ನು ತಿದ್ದಲಿಲ್ಲ. ಹೋಲಿಸಿ ನೋಡೋಣವೆಂದು ಕಡತದ ಕೋಣೆಯಿಂದ ಇಪ್ಪತ್ತು ವರ್ಷ ಹಿಂದಿನ ನಕ್ಷೆಯ ಹಾಳೆಗಳನ್ನು ತೆಗೆಸಿದಳು. ಶಾಯಿಯ ನೇರ ಗೆರೆಗಳ ಪಕ್ಕದಲ್ಲಿ, ರಬ್ಬರಿನಿಂದ ಉಜ್ಜಿದ್ದರೂ ಪೂರ್ತಿ ಹೋಗದ ಪೆನ್ಸಿಲ್ ಗುರುತುಗಳಿದ್ದವು. ಅವು ಬಾಗಿದ್ದವು. ಹನ್ನೊಂದು ಹಾಳೆಗಳಲ್ಲಿ ಏಳರಲ್ಲಿ ಇದೇ ಕಥೆ. ಗೆರೆ ಎಳೆದ ಕೈ ಮಾವನದೇ. ಗೆದ್ದೆನೆಂಬ ಖುಷಿಯೇನೂ ಅವಳಿಗಾಗಲಿಲ್ಲ.

ಹಾಳೆಗಳನ್ನು ತಂದು ಅವರ ಮೇಜಿನ ಮೇಲಿಟ್ಟಳು. ಅವರು ಪೆನ್ಸಿಲ್ ಗುರುತಿನ ಮೇಲೆ ಬೆರಳಾಡಿಸಿದರು.

“ಆಗಲೂ ಕಾಣಿಸಿತ್ತು,” ಎಂದರು. “ಅರ್ಥ ಆಗಲಿಲ್ಲ. ಅಳಿಸಿಬಿಟ್ಟೆ. ಯಾರಿಗಾದ್ರೂ ತೋರಿಸಿದ್ಯಾ?”

“ಇಲ್ಲ ಮಾವ.”

“ಸೋಮವಾರದ ಸಭೇಲಿ ತೋರಿಸೋಣ.”

ಸೋಮವಾರ ಹಳೆಯ ಹಾಳೆಯನ್ನೂ ಹೊಸ ನಕ್ಷೆಯನ್ನೂ ಅವರೇ ಗೋಡೆಗೆ ಅಂಟಿಸಿದರು. ತಾವು ಮಾಡಿದ್ದನ್ನು ನಾಲ್ಕೇ ಮಾತಿನಲ್ಲಿ ಹೇಳಿ ಹಿಂದಿನ ಸಾಲಿನಲ್ಲಿ ಹೋಗಿ ಕೂತರು. ಉಳಿದದ್ದನ್ನು ಅವಳು ವಿವರಿಸಿದಳು.

ನಕ್ಷೆ ಬಾಗುಗಳ ಸಮೇತ ಅಚ್ಚಾಯಿತು. ಮಾವ ಮುಖ್ಯಸ್ಥನ ಸ್ಥಾನ ಬಿಟ್ಟರು; ಪ್ರತಿ ಭಾನುವಾರ ತಂಗಿಯ ಮನೆಗೆ ಊಟಕ್ಕೆ ಬರುವುದನ್ನೂ ಬಿಟ್ಟರು.

“ಉಂಡ ಮನೆಗೆ ಎರಡು ಬಗೆದೆಯಲ್ಲೇ!” ಎಂದು ತಾಯಿ ದಿನಾ ಮಗಳಿಗೆ ಸಹಸ್ರನಾಮ ಮಾಡಿದಳು.

ಐದನೆಯ ಭಾನುವಾರ ಬಾಗಿಲು ಬಡಿದ ಸದ್ದಾಯಿತು. ಮಾವ ನಿಂತಿದ್ದರು, ಬಗಲಲ್ಲಿ ಸುರುಳಿ ಸುತ್ತಿದ ಹಾಳೆ.

“ಬಾ ಅಣ್ಣ, ಕೈ ತೊಳಿ,” ಎಂದಳು ತಾಯಿ, ಕಣ್ಣೊರೆಸಿಕೊಳ್ಳುತ್ತ.

ಅವರು ಸೋದರಸೊಸೆಯ ಕಡೆ ತಿರುಗಿದರು. “ಇದರಲ್ಲಿ ಒಂದು ಬಿರುಕು ಉಲ್ಟಾ ಬಾಗಿದೆ ಕಣೇ. ವಾರದಿಂದ ತಲೆ ಕೆರ್ಕೋತಿದ್ದೀನಿ. ಊಟ ಆದ್ಮೇಲೆ ಸ್ವಲ್ಪ ಕೂರ್ತೀಯಾ?”

ಊಟವಾಗುವವರೆಗೆ ಅವಳು ಕಾಯಲಿಲ್ಲ. ತಟ್ಟೆಗಳನ್ನು ಸರಿಸಿ ಹಾಳೆಯನ್ನು ಬಿಚ್ಚಿದಳು.