ಮುಚ್ಚಳದಕ್ಕನ ದಪ್ಪಕ್ಷರ

ಬಿಸಿಲು ಆಗತಾನೆ ಚುರುಕಾಗುತ್ತಿದ್ದ ಕಾಲ, ಬೆಳಗಿನ ಹತ್ತು ಗಂಟೆ. ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಮುಚ್ಚಳದಕ್ಕ ಏಣಿ ಹತ್ತಿ, 'ಕಣ್ಣಿನ ವಿಭಾಗ' ಎಂಬ ಬರಹ ಮಾಸಿದ್ದಲ್ಲಿ ನೀಲಿ ಬಣ್ಣ ಕೊಡುತ್ತಿದ್ದಳು. ಇಪ್ಪತ್ತಾರು ವರ್ಷದಿಂದ ಅಲ್ಲಿನ ಗೋಡೆಯ ಅಕ್ಷರಗಳೆಲ್ಲ ಅವಳ ಕೈಯವೇ. ಬಣ್ಣದ ಡಬ್ಬಿಯ ಮುಚ್ಚಳವನ್ನು ಗೋಡೆಗೆ ಒತ್ತಿ ಅಕ್ಷರದ ಸುತ್ತು ಎಳೆಯುವಳು, ಮೂರು ಬೆರಳಗಲ ದಪ್ಪ ತುಂಬುವಳು, ತುದಿಗಳನ್ನು ಔಷಧದ ಸೀಸೆಯ ಮುಚ್ಚಳವಿಟ್ಟು ಗುಂಡಗೆ ಮುಗಿಸುವಳು. ಮುಚ್ಚಳದಕ್ಕ ಎಂಬ ಹೆಸರು ಬಂದದ್ದೂ ಹಾಗೆಯೇ. ಮೊನೆ ಬಿಟ್ಟರೆ ಬಣ್ಣ ಅಲ್ಲಿಂದಲೇ ಸಿಪ್ಪೆ ಏಳುತ್ತದೆ ಎಂದು ಕೆಲಸ ಕಲಿಸಿದ ಮಾವ ಹೇಳಿದ್ದರು.

ಹೊಸ ಮೇಲ್ವಿಚಾರಕರು ಏಣಿಯ ಕೆಳಗೆ ಬಂದು ನಿಂತರು.

"ಏನಮ್ಮ, ಅಕ್ಷರಕ್ಕೆಲ್ಲ ಬಾವು ಬಂದಿದೆಯಲ್ಲ?"

"ಆಸ್ಪತ್ರೆ ಅಲ್ವಾ ಸಾರ್, ಬಂದಿರುತ್ತೆ."

ಅವರು ನಗಲಿಲ್ಲ. ತೆಳ್ಳನೆಯ ಬೂದು ಅಕ್ಷರದ ಸ್ಟಿಕ್ಕರುಗಳು ಬರುತ್ತವೆ, ಶನಿವಾರದೊಳಗೆ ಹಳೆಯದರ ಮೇಲೆಲ್ಲ ಬಿಳಿ ಬಳಿಯಬೇಕು ಎಂದರು. ಮಾದರಿಗೆಂದು ತಮ್ಮ ಬಾಗಿಲಿಗೆ ಎರಡು ತಿಂಗಳ ಹಿಂದೆಯೇ ಒಂದನ್ನು ಅಂಟಿಸಿಕೊಂಡಿದ್ದರು. ಅಕ್ಕ ಇಳಿದು ಹೋಗಿ ನೋಡಿದಳು. 'ದೂರು ಸ್ವೀಕಾರ' ಎಂದಿತ್ತು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಬಾಗಿಲಿಗೆ ಕೂದಲೆಳೆ ಅಂಟಿದ ಹಾಗೆ.

"ಇದನ್ನ ಹಾಕಿದ ಮೇಲೆ ಒಂದೇ ಒಂದು ದೂರು ಬಂದಿಲ್ಲ, ಗೊತ್ತಾ?" ಎಂದರು ಹೆಮ್ಮೆಯಿಂದ.

"ಹೇಗೆ ಬರುತ್ತೆ? ಒಂದು ಕಣ್ಣಿಗೆ ಕಟ್ಟು ಹಾಕಿಸ್ಕೊಂಡೋರು ಇದನ್ನ ಓದೋದುಂಟಾ ಸಾರ್?"

"ಹೇಳಿದಷ್ಟು ಮಾಡಿ. ಇಲ್ಲಾಂದ್ರೆ ಬೇರೆಯವರು ಬರ್ತಾರೆ."

ಅಕ್ಕ ಬಿಳಿ ಬಣ್ಣದ ಡಬ್ಬಿಯನ್ನು ತೆರೆಯಲೇ ಇಲ್ಲ. ಗುರುವಾರ ಮೇಲ್ವಿಚಾರಕರು ಊಟಕ್ಕೆ ಹೋದದ್ದೇ ತಡ, ಅವರ ಬಾಗಿಲ ಸ್ಟಿಕ್ಕರಿಗೆ ಉಗುರು ಹಾಕಿದಳು. ಮೊನೆಗಳು ಆಗಲೇ ಎದ್ದಿದ್ದವು, ಸರಕ್ಕನೆ ಬಂತು. ಮುಚ್ಚಳ ಒತ್ತಿದಳು.

ದಾದಿ ಓಡಿಬಂದಳು. "ಅಕ್ಕಾ, ಕೆಲಸ ಹೋಗುತ್ತೆ."

"ನೀರಿಗಿಳಿದಾಯ್ತು ಮಗಳೇ, ಇನ್ನು ಚಳಿಯೇನು, ಮಳೆಯೇನು. ಆ ಕುಂಚ ಇತ್ತ ಕೊಡು."

'ದೂರು ಇಲ್ಲಿ ಕೊಡಿ.' ಗೇಣುದ್ದದ ಅಕ್ಷರ. ಪಡಸಾಲೆಯ ಆ ತುದಿಯ ಬೆಂಚಿನಿಂದ ಕಣ್ಣಿಗೆ ಕಟ್ಟು ಹಾಕಿಸಿಕೊಂಡ ಮುದುಕರೊಬ್ಬರು ಉಳಿದ ಒಂದೇ ಕಣ್ಣಲ್ಲಿ ಅದನ್ನು ಓದಿ ಎದ್ದರು. ಪಕ್ಕದವರನ್ನೂ ಎಬ್ಬಿಸಿದರು. ಮೇಲ್ವಿಚಾರಕರು ಹಲ್ಲಿನಲ್ಲಿ ಕಡ್ಡಿ ಆಡಿಸುತ್ತ ಬಂದಾಗ ಏಳು ಜನ ನಿಂತಿದ್ದರು.

"ಬಾಗಿಲು ಹಸಿ ಇದೆ ಸಾರ್, ಅಂಗಿ ಜೋಪಾನ" ಎಂದಳು ಅಕ್ಕ.

ಶುಕ್ರವಾರ ದೂರಿನ ಸಾಲು ಔಷಧದ ಕಿಟಕಿ ದಾಟಿತ್ತು. ನಲ್ಲಿಯಲ್ಲಿ ನೀರಿಲ್ಲ, ಬೆಂಚಿನ ಕಾಲು ಮುರಿದಿದೆ, ಫ್ಯಾನು ತಿರುಗುವುದಿಲ್ಲ. ದೊಡ್ಡ ಡಾಕ್ಟರು ಬಂದು ಕಣ್ಣು ಕಿರಿದು ಮಾಡಿ ನೋಡಿದರು.

"ಅಕ್ಷರ ಯಾವುದನ್ನೂ ಮುಟ್ಟಬೇಡಿ. ಈ ಬಾಗಿಲು ಕಾಣದಿದ್ರೆ ಇವರೆಲ್ಲ ನನ್ನ ಬಾಗಿಲಿಗೆ ಬರ್ತಾರೆ."

ಸ್ಟಿಕ್ಕರುಗಳು ಬಂದ ದಾರಿಯಲ್ಲೇ ವಾಪಸು ಹೋದವು. ಮೇಲ್ವಿಚಾರಕರ ಸಿಟ್ಟು ಮಾತ್ರ ಹೋಗಲಿಲ್ಲ. ಶನಿವಾರ ಅಕ್ಕನನ್ನು ಕರೆಸಿದರು.

"ಕೇಳದೆ ನನ್ನ ಬಾಗಿಲು ಮುಟ್ಟಿದ್ದು ತಪ್ಪಾಯ್ತು ಅಂತ ಬರೆದುಕೊಡಿ. ಇಲ್ಲಾಂದ್ರೆ ಸೋಮವಾರ ಬಣ್ಣದ ಕೋಣೆಯ ಬೀಗದ ಕೈ ಒಪ್ಪಿಸಿ ಹೊರಡಿ."

"ಬರೀತೀನಿ ಸಾರ್. ನಂಗೆ ಸಣ್ಣಕ್ಷರ ಬರಲ್ಲ. ಯಾವ ಗೋಡೆ ಮೇಲೆ ಅಂತ ತೋರಿಸಿ."

ಅವರು ಗೋಡೆ ತೋರಿಸಲಿಲ್ಲ.

ಬಣ್ಣದ ಕೋಣೆಯ ಬೀಗದ ಕೈಯನ್ನು ದಾದಿಯ ಕೈಲಿಟ್ಟು, ಏಣಿಯನ್ನು ಗೋಡೆಗೆ ಒರಗಿಸಿ, ಎರಡು ಮುಚ್ಚಳಗಳನ್ನು ಚೀಲಕ್ಕೆ ಹಾಕಿಕೊಂಡು, ಮುಚ್ಚಳದಕ್ಕ ಸೋಮವಾರ ಬೆಳಗ್ಗೆ ಆ ಸಾಲಿನ ಪಕ್ಕದಲ್ಲೇ ನಡೆದು ಹೊರಟುಹೋದಳು.