ನಿಜವಾದ ಏಟು

ತಂದೆ ಆ ಹುಡುಗಿಯ ಕೈಯಿಂದ ಹೂವಿನ ಹಾರವನ್ನು ಕಿತ್ತು ಬಾಗಿಲಾಚೆ ಎಸೆದರು. ಹಾರದ ದಾರ ಅವಳ ಬೆರಳನ್ನು ಕೊಯ್ದಿತು.

"ನನ್ನ ಮಗ ಬಿದ್ದು ಸಾಯ್ತಿದ್ರೆ ಚಪ್ಪಾಳೆ ತಟ್ಟಿದೋರು, ಈಗ ಹೂವು ಹಿಡ್ಕೊಂಡು ಬಂದಿದ್ದೀರಾ?"

"ತಟ್ಟಿದ್ವಿ, ಅಂಕಲ್," ಎಂದಳು. ಹೋಟೆಲಿನ ಮಹಡಿಯಲ್ಲಿ ಅವನ ಜೊತೆ ಹಾಸ್ಯದ ಕಾರ್ಯಕ್ರಮ ನಡೆಸುತ್ತಿದ್ದವಳು ಅವಳು. "ದಿನಾ ಬೀಳ್ತಿದ್ದ. ನಿನ್ನೆನೂ ಎದ್ದೇಳ್ತಾನೆ ಅಂದ್ಕೊಂಡ್ವಿ."

ನಡುಮನೆಯಲ್ಲಿ ಅವನ ಹೆಣವನ್ನು ತಲೆಗೆ ಬಿಳಿ ಪಟ್ಟಿ ಕಟ್ಟಿ ಮಲಗಿಸಿದ್ದರು. ತಾಯಿ ಅವನ ತಲೆಯ ಬಳಿ ಕುಳಿತಿದ್ದರು.

* * *

ಗೆಳೆಯರಿಗೆ ಅವನು ಬುಗುರಿ. ಮೈಕಿನ ಮುಂದೆ ನಿಂತು ತನ್ನ ಬಾಲ್ಯವನ್ನೇ ಆಡಿ ತೋರಿಸುತ್ತಿದ್ದ. ಬಲಗೈ ಅಪ್ಪ, ಎಡಗೆನ್ನೆ ಮಗ. ಕೈ ಬೀಸಿ ಬಂದು ಕೆನ್ನೆಗೆ ಬಾರಿಸಿದರೆ ಗಿರಗಿರನೆ ಸುತ್ತಿ ದೊಪ್ಪನೆ ಬೀಳುತ್ತಿದ್ದ. ಬಿದ್ದಲ್ಲಿಂದಲೇ, "ಅಪ್ಪಾ, ಇವತ್ತು ಯಾಕೆ ಹೊಡೆದೆ ಅಂತ ನಿಧಾನಕ್ಕೆ ಯೋಚನೆ ಮಾಡಿ ನಾಳೆ ಹೇಳು, ಅವಸರ ಇಲ್ಲ," ಎನ್ನುತ್ತಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಮೆಲ್ಲಗೆ ಹೊಡ್ಕೊಳೋ ಮಾರಾಯ, ಕೆನ್ನೆ ಊದಿದೆ," ಎಂದು ಹುಡುಗಿ ಬೈದರೆ, "ಏಟು ಸುಳ್ಳಾದ್ರೆ ಮಾತೂ ಸುಳ್ಳಾಗುತ್ತೆ ಕಣೇ," ಎನ್ನುತ್ತಿದ್ದ.

ಕೊನೆಯ ಸಲ ಬಿದ್ದಾಗ ತಲೆ ಸ್ಪೀಕರಿನ ಕಬ್ಬಿಣದ ಕಾಲಿಗೆ ಬಡಿಯಿತು. ಆ ಸದ್ದನ್ನು ಮೈಕು ಕೋಣೆಗೆಲ್ಲ ಕೇಳಿಸಿತು. ಅಂಥ ದೊಡ್ಡ ನಗು ಅವನಿಗೆ ಎಂದೂ ಸಿಕ್ಕಿರಲಿಲ್ಲ. ಮುಂದಿನ ಸಾಲಿನವನೊಬ್ಬ ತನ್ನ ಬೂಟಿಗೆ ರಕ್ತ ಹರಿದುಬಂದದ್ದನ್ನು ಕಂಡು ಕೂಗುವವರೆಗೂ ಅದು ನಿಲ್ಲಲಿಲ್ಲ.

* * *

"ಹಾಳಾದೋನು ಊರಿಗೆಲ್ಲ ಸುಳ್ಳು ಸಾರಿ ಹೋದ," ಎಂದರು ತಂದೆ, ನೆರೆಯವರ ಕಡೆಗೆ ತಿರುಗಿ. "ನಾನು ಇವನ ಮೈ ಮುಟ್ಟಿದ್ದನ್ನ ನಿಮ್ಮಲ್ಲಿ ಯಾರಾದ್ರೂ ಕಂಡಿದ್ದೀರಾ? ಹೇಳಿ!"

ಗೋಡೆಯಾಚೆಯಿಂದ ವರ್ಷಗಟ್ಟಲೆ ಏಟಿನ ಸದ್ದು ಕೇಳಿಸಿಕೊಂಡವರು ನೆಲ ನೋಡಿದರು.

"ಬಿಡಿ ಭಾವ. ಹೆಣದ ಮುಂದೆ ಯಾಕೆ ಈ ಮಾತು?" ಎಂದರು ಸೋದರಮಾವ.

"ಹೆಣದ ಮುಂದೆನೇ ಆಗ್ಲಿ. ಸುಳ್ಳುಗಾರ ಅನ್ನಿಸ್ಕೊಂಡೇ ಹೋಗ್ಲಿ ಇವನು. ಲೇ, ಬಾಯಿ ಬಿಡೇ. ನೀನೇ ಹೇಳು ಎಲ್ಲರಿಗೂ."

ತಾಯಿ ತಲೆ ಎತ್ತಿದರು. ಒಮ್ಮೆ ಮಗ ಕಾರ್ಯಕ್ರಮಕ್ಕೆ ಕರೆದಾಗ, ಮನೆ ಮಾತನ್ನ ಬೀದಿಗೆ ತರಬೇಡಪ್ಪಾ ಎಂದು ಕೈಮುಗಿದಿದ್ದವರು ಅವರು.

"ಸುಳ್ಳೇ ಹೇಳಿದಾನೆ," ಎಂದರು. ತಂದೆಯ ಮುಖ ಸಡಿಲವಾಯಿತು. "ಕಡಿಮೆ ಮಾಡಿ ಹೇಳಿದಾನೆ. ಇದ್ದದ್ದನ್ನ ಇದ್ದ ಹಾಗೆ ಹೇಳಿದ್ರೆ ಯಾರಿಗೆ ನಗು ಬರ್ತಿತ್ತು?"

ತಂದೆಯ ಬಲಗೈ ಮೇಲೆದ್ದಿತು. ಸೋದರಮಾವ ಮಣಿಕಟ್ಟನ್ನು ಹಿಡಿದು ತಿರುಚಿದರು. ತಂದೆ ನೋವಿಗೆ ಚೀರಿ ಬಾಗಿಲ ಬಳಿ ಕುಸಿದರು. ಯಾರೂ ಅವರನ್ನು ಎಬ್ಬಿಸಲು ಹೋಗಲಿಲ್ಲ.

ಹೊರುವವರು ಬಂದರು. ತಂದೆ ಹೆಗಲು ಕೊಡಲು ಮುಂದೆ ಬಂದಾಗ ತಾಯಿ ಅಡ್ಡ ನಿಂತು, "ನೀವು ಮುಟ್ಟಬೇಡಿ," ಎಂದರು. ಹುಡುಗಿಯನ್ನು ಕಣ್ಣಿನಿಂದಲೇ ಕರೆದರು. ಹೆಗಲು ಕೊಡಲು ಅವಳು ಬಂದು ನಿಂತಳು.

ತಾಯಿ ಮಗನ ಊದಿದ ಕೆನ್ನೆಗೆ ಅಂಗೈಯಿಟ್ಟು ಕಣ್ಣು ಮುಚ್ಚಿದರು.

"ದೇವರೇ, ಇವನನ್ನ ನಿನ್ನ ಹತ್ರ ನೆಮ್ಮದಿಯಾಗಿ ಮಲಗಿಸ್ಕೋ. ಇನ್ನು ಈ ಮೈಮೇಲೆ ಯಾರ ಕೈಯೂ ಬೀಳದಿರಲಿ. ಇವನ ಕೈಯೂ."