ಪಂಜಾದ ಸದ್ದಿನಲ್ಲಿ ಕಲಿತ ಗಾಯಗಳು

ಗಾಯಕ್ಕೆ ಚೀನೀ ಭಾಷೆಯಲ್ಲಿ ‘ಶಾಂಗ್‌ಖೌ’ ಅನ್ನುತ್ತಾರೆ. ಗಾಯದ ಬಾಯಿ ಎಂದು ಅರ್ಥ. ಗಾಯಕ್ಕೂ ಬಾಯಿಯಿದೆ, ನನಗೇ ಇಲ್ಲ ಅನಿಸುತ್ತಿತ್ತು. ಸುತ್ತಲಿನ ಕಾರ್ಖಾನೆಗಳಿಗೆ ಬಂದು ಗಾಯ ಮಾಡಿಕೊಳ್ಳುವ ಚೀನೀಯರ ಮಾತನ್ನು ಫೋನಿನಲ್ಲೇ ಕನ್ನಡದಲ್ಲಿ ತಿಳಿಸಿ ಹೇಳುವವರು ಹುಬ್ಬಳ್ಳಿಯ ಆಸ್ಪತ್ರೆಯೊಂದಕ್ಕೆ ಬೇಕಾಗಿದ್ದರು. ಮೊದಲ ಸಲದ ಪರೀಕ್ಷೆಯಲ್ಲಿ ಪದಗಳೆಲ್ಲ ಗೊತ್ತಿದ್ದೂ ನಾನು ತುಟಿ ಬಿಚ್ಚಿರಲಿಲ್ಲ. ಇನ್ನೊಂದು ಅವಕಾಶ ಕೊಟ್ಟಿದ್ದರು, ಅದೇ ಕೊನೆಯದು.

ಮನೆಯಲ್ಲಿ ಗಟ್ಟಿಯಾಗಿ ಓದಲು ನಾಚಿಕೆ. ನವಲಗುಂದದ ನಮ್ಮ ಓಣಿಯಲ್ಲಿ ಒಬ್ಬರ ಮಾತು ಇನ್ನೊಬ್ಬರ ಅಡುಗೆಮನೆಗೆ ಕೇಳುತ್ತದೆ. ಅದಕ್ಕೇ ಮಧ್ಯಾಹ್ನ ಬಾಜು ಮನೆಯ ರಜಿಯಾಬಿ ಚಾಚಿಯ ಜಮಖಾನದ ಮಗ್ಗದ ಹತ್ತಿರ ಕೂರುತ್ತಿದ್ದೆ. ಕಬ್ಬಿಣದ ಬಾಚಣಿಕೆಯಂಥ ಪಂಜಾದಿಂದ ಚಾಚಿ ನೂಲನ್ನು ಧಪ್ ಧಪ್ ಎಂದು ಬಡಿದು ಕೂಡಿಸುವಾಗ, ಆ ಸದ್ದಿನ ಮರೆಯಲ್ಲಿ ನನ್ನ ದನಿ ಹೊರಬರುತ್ತಿತ್ತು. ತರಚಿದರೆ ತ್ಸಾಶಾಂಗ್. ಸುಟ್ಟರೆ ಥಾಂಗ್‌ಶಾಂಗ್. ಏರಿ ಇಳಿಯುವ ಆ ಪದಗಳು ನೂಲಿನೊಳಗೆ ನುಸುಳಿ, ಅರ್ಧ ನೇಯ್ದ ನವಿಲಿನ ಕೊರಳಲ್ಲಿ ಹೋಗಿ ಕೂರುತ್ತಿದ್ದವು. ಕೆಂಪು ನೂಲು ಯಾವುದೋ ದೂರದೂರಿನವರ ಮೊಣಕಾಲಿನಿಂದ ಮೆಲ್ಲಗೆ ಹರಿದು ಬಂದಂತೆ ಕಾಣುತ್ತಿತ್ತು.

“ನಿನ್ನ ಚೀನಾದಾವ್ರು ಚಲೋ ಮಂದಿ ಬಿಡವಾ,” ಚಾಚಿ ನಗುತ್ತಿದ್ದಳು. “ತಮ್ಮ ಮಾತು ಯಾರಿಗ್ ಬೇಕಾದ್ರೂ ಕಲಸ್ತಾರ. ನಾವು ಈ ಕಸಬು ಸೊಸಿಗಷ್ಟ. ಹೊಟ್ಟ್ಯಾಗ ಹುಟ್ಟಿದ ಮಗಳಿಗೂ ಪಂಜಾ ಮುಟ್ಟಗೊಡಂಗಿಲ್ಲ.”

“ಯಾಕ್ರಿ ಚಾಚಿ?”

“ಮಗಳು ಮದಿವ್ಯಾಗಿ ಹೊಕ್ಕಾಳಲಾ, ಕೂಡ ಕಸಬೂ ಒಯ್ತಾಳ!”

ಪರೀಕ್ಷೆಯ ದಿನವೂ ಫೋನು ಹಿಡಿದು ಅಲ್ಲೇ ಕೂತೆ. ಅತ್ತಲಿಂದ ಆಸ್ಪತ್ರೆಯ ಹೆಂಗಸು ಮೊದಲ ಪ್ರಶ್ನೆ ಕೇಳುತ್ತಿದ್ದಂತೆ, ನನಗೆ ತೊಂದರೆಯಾದೀತೆಂದು ಚಾಚಿ ಬಡಿಯುವುದನ್ನು ನಿಲ್ಲಿಸಿಬಿಟ್ಟಳು. ನನ್ನ ದನಿಯೂ ನಿಂತಿತು.

“ಹಲೋ? ಕೇಳಸ್ತದೇನ್ರಿ?”

ಪದಗಳು ನವಿಲಿನ ಕೊರಳಲ್ಲಿ ಕಾಣುತ್ತಿದ್ದವು, ಬಾಯಿಗೆ ಬರುತ್ತಿರಲಿಲ್ಲ. ಬಡಿಯಿರಿ ಎಂದು ಚಾಚಿಗೆ ಕೈಸನ್ನೆ ಮಾಡಿದೆ. ಅವಳು ಪಂಜಾ ಎತ್ತಿದಳು. ಸನ್ನೆ ಮಾಡುತ್ತಿದ್ದ ನನ್ನ ಕೈ ನೋಡಿ ತಡೆದಳು. ಆಮೇಲೆ ಪಂಜಾವನ್ನು ನನ್ನ ಕೈಯಲ್ಲೇ ಇಟ್ಟಳು.

ನಾನು ಅವಳ ಮಗಳೂ ಅಲ್ಲ, ಸೊಸೆಯೂ ಅಲ್ಲ.

ಬಡಿದೆ, ತ್ಸಾಶಾಂಗ್. ಬಡಿದೆ, ಥಾಂಗ್‌ಶಾಂಗ್. ಕೇಳಿದ್ದಕ್ಕೆಲ್ಲ ಉತ್ತರ ಬರತೊಡಗಿತು. ಪಂಜಾದ ಹಲ್ಲು ಬೆರಳಿಗೆ ತಾಗಿದಾಗ, ಯಾರೂ ಕೇಳದಿದ್ದರೂ, ರಕ್ತ ಬರುತ್ತಿದೆ ಎಂದು ಚೀನೀಯಲ್ಲೇ ಕೂಗಿದೆ.

ಅತ್ತ ನಗು. “ಸೋಮವಾರದಿಂದ ಕೆಲಸ ಸುರು ಮಾಡ್ರಿ. ಮೊದ್ಲ ಬೆರಳಿಗೆ ಪಟ್ಟಿ ಕಟ್ಕೋರಿ.”

ಚಾಚಿ ಪಂಜಾ ಕಸಿದುಕೊಂಡು ನಾನು ಬಡಿದ ಸಾಲು ನೋಡಿದಳು. ಸೊಟ್ಟಗಿತ್ತು. ಬಿಚ್ಚಲಿಲ್ಲ.

“ಇದನ್ನ ನಮ್ಮ ಸೊಸಿ ಮುಂದ ಬಾಯಿ ಬಿಟ್ಟೀ ಅಂದ್ರ, ನೋಡ್ ಮತ್ತ,” ಎಂದಳು.